ನೋವು ಹೋಗಿದೆ, ಏಪ್ರಿಲ್‌ನಲ್ಲಿ ಮತ್ತೆ ಸ್ಕೀ ಮಾಡಬಹುದಾ?

ಪ್ರಶ್ನೆ

ಮೇಡಂ, ನನಗೆ 61 ವರ್ಷ. ಊರು ಶಿವಮೊಗ್ಗ ಕಡೆ, ಇರುವುದು ಸಿಯಾಟಲ್ ಹತ್ತಿರ. ಮಕ್ಕಳನ್ನು ಕ್ಲಾಸಿಗೆ ಬಿಡಲು ಹೋಗಿ 38ನೇ ವಯಸ್ಸಿನಲ್ಲಿ ನಾನೂ ಸ್ಕೀಯಿಂಗ್ ಕಲಿತೆ. ಮಕ್ಕಳು ಈಗ ಬೇರೆ ಊರಲ್ಲಿದ್ದಾರೆ, ನಾನು ಮಾತ್ರ ಬಿಟ್ಟಿಲ್ಲ.

ಫೆಬ್ರವರಿ ಮೊದಲ ವಾರ, ಸ್ಟೀವನ್ಸ್ ಪಾಸ್‌ನಲ್ಲಿ ಬಿದ್ದೆ. ದಿನದ ಕೊನೆಯ ಇಳಿತ, ಕಾಲು ದಣಿದಿತ್ತು. ಇಲ್ಲಿನ ಹಿಮ ಒದ್ದೆ, ಭಾರ. ಜನ ಅದನ್ನು ‘ಕ್ಯಾಸ್ಕೇಡ್ ಕಾಂಕ್ರೀಟ್’ ಅಂತಲೇ ಕರೆಯುತ್ತಾರೆ. ಎಡ ಸ್ಕೀ ಅದರಲ್ಲಿ ಹೂತು ನಿಂತಿತು. ಬಲಗಾಲು ನೇರವಾಗಿ ಮುಂದಕ್ಕೆ ಜಾರಿತು, ಮೈ ಅದರ ಮೇಲೆ ಬಾಗಿತು. ಬಲತೊಡೆಯ ಹಿಂದೆ, ಮೇಲ್ಗಡೆ, ಒದ್ದೆ ಬಟ್ಟೆ ಹರಿದ ಹಾಗಾಯಿತು. ಎರಡು ದಿನ ಬಿಟ್ಟು ನೋಡಿದರೆ ಮಂಡಿಯ ಹಿಂದಿನವರೆಗೂ ನೇರಳೆ ಹಣ್ಣಿನ ಬಣ್ಣ.

ಎಂಆರ್‌ಐ ಮಾಡಿಸಿದೆ. ತೊಡೆಯ ಹಿಂದಿನ ಸ್ನಾಯು, ಹ್ಯಾಮ್‌ಸ್ಟ್ರಿಂಗ್, ಅರ್ಧದಷ್ಟು ಹರಿದಿದೆ, ಮೂಳೆಯಿಂದ ಕಿತ್ತು ಬಂದಿಲ್ಲ, ಆಪರೇಷನ್ ಬೇಡ ಎಂದರು. ಈಗ ಆರು ವಾರ. ನಡೆದರೆ ನೋವಿಲ್ಲ, ಮೆಟ್ಟಿಲು ಹತ್ತುತ್ತೇನೆ. ಸೀಸನ್ ಪಾಸ್ ಇದೆ, ಏಪ್ರಿಲ್‌ನಲ್ಲೂ ಹಿಮ ಇರುತ್ತದೆ. ಸುಲಭದ ಇಳಿಜಾರಿನಲ್ಲಿ ಎರಡು ದಿನ ಹೋಗಿ ಬರಬಹುದಾ? ಮುಂದಿನ ವರ್ಷಕ್ಕೆ ಕಾಯುವಷ್ಟು ಕಾಲ ನನ್ನ ಕಾಲಿಗೆ ಉಳಿದಿದೆಯಾ ಅನ್ನೋದೇ ಚಿಂತೆ.

ಉತ್ತರ (ಫಿಸಿಯೋಥೆರಪಿಸ್ಟ್)

ಸರ್, ನಿಮ್ಮ ಕೊನೆಯ ಸಾಲಿಗೇ ಮೊದಲು ಉತ್ತರ ಕೊಡುತ್ತೇನೆ. ಉಳಿದಿದೆ. ಏಪ್ರಿಲ್ ಬಿಟ್ಟುಬಿಡಿ, ಡಿಸೆಂಬರ್‌ಗೆ ತಯಾರಾಗಿ.

ನೋವು ಹೋಗುವುದು ಬೇರೆ, ಬಲ ಬರುವುದು ಬೇರೆ. ನನ್ನ ಹತ್ತಿರ ಬರುವ ಅರವತ್ತು ದಾಟಿದವರಲ್ಲಿ ಮತ್ತೆ ಹರಿದುಕೊಂಡು ಬರುವವರು ಹೆಚ್ಚಾಗಿ ‘ನೋವೇ ಇರಲಿಲ್ಲ ಮೇಡಂ’ ಎಂದೇ ಮಾತು ಶುರು ಮಾಡುತ್ತಾರೆ. ಹ್ಯಾಮ್‌ಸ್ಟ್ರಿಂಗ್ ಒಮ್ಮೆ ಹರಿದರೆ, ಅದೇ ಮತ್ತೆ ಹರಿಯುವ ಸಾಧ್ಯತೆ ಜಾಸ್ತಿ.

ಒಳಗೆ ಏನಾಗುತ್ತಿದೆ ಎಂದು ಹೇಳುತ್ತೇನೆ. ನಾವು ಕೂತಾಗ ಕುರ್ಚಿಗೆ ಒತ್ತುವ ಮೂಳೆ ಇದೆಯಲ್ಲ, ಅಲ್ಲಿಂದ ಮೂರು ಸ್ನಾಯುಗಳು ಹೊರಟು ಮಂಡಿಯ ಕೆಳಗೆ ಸೇರುತ್ತವೆ. ಈ ಮೂರನ್ನೂ ಒಟ್ಟಿಗೆ ಹ್ಯಾಮ್‌ಸ್ಟ್ರಿಂಗ್ ಅನ್ನುತ್ತೇವೆ. ಸೊಂಟ ಬಗ್ಗಿ ಮಂಡಿ ನೇರವಾದರೆ ಇವು ಎರಡೂ ತುದಿಯಿಂದ ಎಳೆಯಲ್ಪಡುತ್ತವೆ. ನೀವು ಬಿದ್ದದ್ದು ಸರಿಯಾಗಿ ಹಾಗೆಯೇ. ಹರಿದ ಜಾಗವನ್ನು ಮೈ ಮೊದಲು ಗಾಯದ ಅಂಗಾಂಶದಿಂದ ಮುಚ್ಚುತ್ತದೆ. ಅದು ಸೇರಿಕೊಂಡರೆ ನೋವು ನಿಲ್ಲುತ್ತದೆ. ಆದರೆ ಆ ಹೊಸ ಎಳೆಗಳು ಎಳೆತದ ದಿಕ್ಕಿಗೆ ಹೊಂದಿಕೊಂಡು ಗಟ್ಟಿಯಾಗಲು ತಿಂಗಳುಗಳೇ ಬೇಕು. ವಯಸ್ಸಾದಂತೆ ಸ್ನಾಯು ರಿಪೇರಿಯ ಮೀಸಲು ಜೀವಕೋಶಗಳೂ ಕಡಿಮೆಯಾಗುತ್ತವೆ. ಹಾಗಾಗಿ ಮಗನಿಗೆ ಆರು ವಾರದಲ್ಲಿ ಆಗುವುದು ಅಪ್ಪನಿಗೆ ಆಗುವುದಿಲ್ಲ. ಆದರೆ ಆಗಿಯೇ ಆಗುತ್ತದೆ. ಎಪ್ಪತ್ತರಲ್ಲೂ ಸ್ನಾಯು ಭಾರಕ್ಕೆ ಸ್ಪಂದಿಸಿ ಬೆಳೆಯುತ್ತದೆ, ಇದನ್ನು ಕಣ್ಣಾರೆ ನೋಡಿದ್ದೇನೆ.

‘ಸುಲಭದ ಇಳಿಜಾರು’ ಅನ್ನುವುದೂ ನಿಮ್ಮನ್ನು ಕಾಪಾಡುವುದಿಲ್ಲ. ಏಪ್ರಿಲ್‌ನಲ್ಲಿ ಹಿಮ ಬೆಳಿಗ್ಗೆ ಗಟ್ಟಿ, ಮಧ್ಯಾಹ್ನ ಕೆಸರು. ಸ್ಕೀ ಹೂತು ನಿಲ್ಲಲು ಕಡಿದಾದ ಜಾಗವೇ ಬೇಕಿಲ್ಲ, ಅಲ್ವಾ?

ಈಗ ಮಾಡಬೇಕಾದ್ದು. ಬೆನ್ನ ಮೇಲೆ ಮಲಗಿ, ಮಂಡಿ ಮಡಚಿ, ಎರಡೂ ಪಾದ ಊರಿ ಸೊಂಟ ಎತ್ತಿ. ಎತ್ತುವುದಕ್ಕಿಂತ ಇಳಿಸುವುದು ಮುಖ್ಯ, ಐದು ಎಣಿಸುತ್ತಾ ಇಳಿಸಿ. ಹತ್ತರಂತೆ ಮೂರು ಸಲ, ದಿನ ಬಿಟ್ಟು ದಿನ. ಇದು ಸಲೀಸಾದ ಮೇಲೆ ಪಾದಗಳನ್ನು ಸ್ವಲ್ಪ ದೂರ ಸರಿಸಿ, ಆಮೇಲೆ ಒಂದೇ ಕಾಲಿನಲ್ಲಿ. ಮಾಡುವಾಗ ಸಣ್ಣ ನೋವಿದ್ದರೆ ಪರವಾಗಿಲ್ಲ. ಮರುದಿನ ಬೆಳಿಗ್ಗೆ ಜಾಸ್ತಿಯಾಗಿದ್ದರೆ ಒಂದು ಮೆಟ್ಟಿಲು ಕೆಳಗಿಳಿಯಿರಿ. ಭಾರ ಹಾಕುವ ವ್ಯಾಯಾಮ ಶುರು ಮಾಡುವ ಮುಂಚೆ ಅಲ್ಲಿನ ಫಿಸಿಯೋ ಒಬ್ಬರು ನಿಮ್ಮನ್ನು ಎದುರಿಗೇ ನೋಡಲಿ.

ದಯವಿಟ್ಟು ಕಾಲು ಚಾಚಿ ಬಗ್ಗಿ ಹೆಬ್ಬೆರಳು ಮುಟ್ಟುವ ಸ್ಟ್ರೆಚ್ ಸದ್ಯಕ್ಕೆ ಬೇಡ. ‘ಬಿಗಿ ಆಗಿದೆ, ಎಳೆದು ಸರಿ ಮಾಡುತ್ತೇನೆ’ ಎಂದು ಎಲ್ಲರೂ ಮಾಡುವುದು ಇದನ್ನೇ. ಹರಿದ ಜಾಗವನ್ನು ಅದೇ ದಿಕ್ಕಿಗೆ ಮತ್ತೆ ಎಳೆದಂತಾಗುತ್ತದೆ.

ಇನ್ನೊಂದು ಮಾತು ಕೇಳಬೇಕಿತ್ತು. ಬೀಳುವ ಮುಂಚೆ ಸಿಪ್ರೋಫ್ಲಾಕ್ಸಾಸಿನ್ ಅಥವಾ ಲೆವೊಫ್ಲಾಕ್ಸಾಸಿನ್ ಮಾತ್ರೆ ತೆಗೆದುಕೊಂಡಿದ್ದಿರಾ? ಈ ಗುಂಪಿನ ಆಂಟಿಬಯೋಟಿಕ್‌ಗಳಿಂದ ಸ್ನಾಯುರಜ್ಜು (ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿ) ಹರಿಯಬಹುದು ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2008ರಲ್ಲೇ ಎಚ್ಚರಿಕೆ ಹಾಕಿಸಿದೆ. 60 ದಾಟಿದವರಿಗೆ, ಸ್ಟೀರಾಯ್ಡ್ ತೆಗೆದುಕೊಳ್ಳುವವರಿಗೆ ಅಪಾಯ ಹೆಚ್ಚು. ತೆಗೆದುಕೊಂಡಿದ್ದರೆ ನಿಮ್ಮ ಡಾಕ್ಟರಿಗೆ ತಿಳಿಸಿ.

ಇನ್ನೊಬ್ಬರ ಪ್ರಶ್ನೆ

ಮೇಡಂ, ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಮ್ಮ ಯಜಮಾನರಿಗೆ 64. ಕೊಲರಾಡೊದಲ್ಲಿ ಸ್ಕೀ ಮಾಡುವಾಗ ಇದೇ ರೀತಿ ಬಿದ್ದು 12 ದಿನ ಆಯಿತು. ಕ್ಲಿನಿಕ್‌ನಲ್ಲಿ ಮುಟ್ಟಿ ನೋಡಿ ‘ಮಸಲ್ ಪುಲ್’ ಎಂದು ಮಾತ್ರೆ ಕೊಟ್ಟು ಕಳಿಸಿದರು, ಸ್ಕ್ಯಾನ್ ಏನೂ ಮಾಡಿಲ್ಲ. ಕುರ್ಚಿಯಲ್ಲಿ ಒಂದು ಕಡೆ ವಾಲಿ ಕೂರುತ್ತಾರೆ. ನಡೆಯುವಾಗ ಕಾಲು ನಂಬಿಕೆ ಕೊಡುವುದಿಲ್ಲ ಅನ್ನುತ್ತಾರೆ. ಬಿಸಿ ಎಣ್ಣೆ ಹಾಕಿ ನೀವಲಾ?

ಉತ್ತರ

ಅಮ್ಮಾ, ನೀವಬೇಡಿ. ಈ ವಾರವೇ ಎಂಆರ್‌ಐ ಮಾಡಿಸಿ. ಮೂಳೆ ಡಾಕ್ಟರ ಅಪಾಯಿಂಟ್‌ಮೆಂಟ್ ತಡವಾದರೆ ‘ಹ್ಯಾಮ್‌ಸ್ಟ್ರಿಂಗ್ ಮೂಳೆಯಿಂದ ಕಿತ್ತಿದೆಯೇ ನೋಡಬೇಕು’ ಎಂದು ಫೋನಿನಲ್ಲಿ ಸ್ಪಷ್ಟವಾಗಿ ಹೇಳಿ.

ಮೇಲಿನ ಸರ್ ಅವರದ್ದು ಸ್ನಾಯು ಹರಿದದ್ದು. ನಿಮ್ಮವರದ್ದು ಬುಡದಲ್ಲೇ ಕಿತ್ತಿರಬಹುದು. ನೋಡದೆ ನಾನು ಖಚಿತವಾಗಿ ಹೇಳಲಾರೆ, ಆದರೆ ಕೂರಲು ಆಗದಿರುವುದು, ಕಾಲು ಕೈಕೊಡುವುದು ಎರಡೂ ಅನುಮಾನ ಹುಟ್ಟಿಸುತ್ತವೆ. ಮೂರು ಸ್ನಾಯುಗಳಲ್ಲಿ ಎರಡು ಅಥವಾ ಮೂರೂ ಕಿತ್ತು, 2 ಸೆಂ.ಮೀ.ಗಿಂತ ಹೆಚ್ಚು ಕೆಳಗೆ ಜಾರಿದ್ದರೆ ಸಾಮಾನ್ಯವಾಗಿ ಮತ್ತೆ ಮೂಳೆಗೆ ಹೊಲಿಯುವ ಯೋಚನೆ ಮಾಡುತ್ತಾರೆ. ಅದನ್ನು ಮೊದಲ ಮೂರು ನಾಲ್ಕು ವಾರದಲ್ಲಿ ಮಾಡುವುದು ಸುಲಭ. ತಡವಾದರೆ ತುದಿ ಕೆಳಗೆ ಸರಿದು, ಪಕ್ಕದಲ್ಲೇ ಹೋಗುವ ಸಯಾಟಿಕ್ ನರಕ್ಕೆ ಅಂಟಿಕೊಳ್ಳಬಹುದು. ಅರವತ್ತು ದಾಟಿದ ಎಲ್ಲರಿಗೂ ಆಪರೇಷನ್ ಬೇಕೆಂದಿಲ್ಲ, ಇಲ್ಲದೆಯೂ ಚೆನ್ನಾಗಿ ಓಡಾಡುವವರಿದ್ದಾರೆ. ಆದರೆ ಬೇಡ ಅನ್ನುವುದನ್ನೂ ಸ್ಕ್ಯಾನ್ ನೋಡಿಯೇ ತೀರ್ಮಾನಿಸಬೇಕು. ದಿನ ಕಳೆದುಹೋಗಿ ತಾನಾಗಿ ತೀರ್ಮಾನವಾಗಬಾರದು.

ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮೊದಲೇ ತಿಳಿಸಿ. ಮೀನಖಂಡ ಊದಿ ಬಿಸಿಯಾದರೆ, ಉಸಿರಾಡಲು ಕಷ್ಟವಾದರೆ, ಸೀದಾ ಎಮರ್ಜೆನ್ಸಿಗೆ ಕರೆದುಕೊಂಡು ಹೋಗಿ.

ಮೊದಲ ಪ್ರಶ್ನೆಯವರು

ಥ್ಯಾಂಕ್ಸ್ ಮೇಡಂ. ಆ ಆಂಟಿಬಯೋಟಿಕ್ ತೆಗೆದುಕೊಂಡಿರಲಿಲ್ಲ. ಏಪ್ರಿಲ್ ಆಸೆ ಬಿಟ್ಟೆ, ಮನಸ್ಸಿಗೆ ಕಷ್ಟ ಆಯಿತು. ಎರಡು ಪ್ರಶ್ನೆ. ಬೂಟನ್ನು ಸ್ಕೀಗೆ ಹಿಡಿದಿಡುವ ಬೈಂಡಿಂಗ್ ಸಡಿಲ ಮಾಡಿಸಿಕೊಂಡರೆ ಮುಂದೆ ಹೀಗಾಗುವುದಿಲ್ಲವಾ? ನಾವು ಸಸ್ಯಾಹಾರಿಗಳು, ತೂಕ 70 ಕೆಜಿ, ಊಟದಲ್ಲಿ ಏನು ಬದಲಾಯಿಸಬೇಕು?

ಉತ್ತರ

ಬೈಂಡಿಂಗ್ ಖಂಡಿತ ನೋಡಿಸಿ. 50 ತುಂಬಿದವರಿಗೆ, ಬಿದ್ದಾಗ ಬೈಂಡಿಂಗ್ ಎಷ್ಟು ಬಲಕ್ಕೆ ಬಿಚ್ಚಿಕೊಳ್ಳಬೇಕು ಎಂದು ಹೇಳುವ ಡಿಐಎನ್ ಪಟ್ಟಿಯಲ್ಲಿ ಒಂದು ಹಂತ ಕಡಿಮೆ ಇಡುತ್ತಾರೆ. ಅಂಗಡಿಯಲ್ಲಿ ಈಗಿನ ವಯಸ್ಸು, ಈಗಿನ ತೂಕವನ್ನೇ ಹೇಳಿ. ಆದರೆ ಬೈಂಡಿಂಗ್ ಬಂದಿರುವುದು ಮುಖ್ಯವಾಗಿ ಕಾಲಿನ ಮೂಳೆ ಮುರಿಯದಿರಲಿ ಎಂದು. ತೊಡೆಯ ಸ್ನಾಯುವನ್ನು ಕಾಯುವುದು ತೊಡೆಯ ಬಲವೇ.

ಊಟದಲ್ಲಿ, ಗಾಯ ಮಾಯುತ್ತಿರುವ ನಿಮ್ಮ ವಯಸ್ಸಿನವರಿಗೆ ಕೆಜಿಗೆ 1.2 ಗ್ರಾಂ ಪ್ರೋಟೀನ್ ಅಂದರೂ ದಿನಕ್ಕೆ 84 ಗ್ರಾಂ ಆಯಿತು. ಅನ್ನ, ತಿಳಿಸಾರು, ಪಲ್ಯದಲ್ಲಿ ಅದು ಸಿಗುವುದಿಲ್ಲ. 100 ಗ್ರಾಂ ತೊಗರಿಬೇಳೆಯಲ್ಲಿ ಸುಮಾರು 22 ಗ್ರಾಂ ಇದೆ ನಿಜ, ಆದರೆ ಸಾರಿನ ಒಂದು ಸೌಟಿನಲ್ಲಿ ಎಷ್ಟು ಬೇಳೆ ಬರುತ್ತದೆ ನೋಡಿ. ಗಟ್ಟಿ ಹುಳಿ, ಹುರುಳಿ ಉಸಲಿ, ಕಡಲೆ, ಪನೀರ್, ಗಟ್ಟಿ ಮೊಸರು ಹೆಚ್ಚಿಸಿ. ಒಂದೇ ಹೊತ್ತಿಗೆ ಬೇಡ, ಮೂರು ಹೊತ್ತಿಗೂ ಹಂಚಿ. ಬೆಳಿಗ್ಗೆ ಉಪ್ಪಿಟ್ಟು ತಿಂದು ಸುಮ್ನೆ ಎದ್ದುಬಿಡುತ್ತೇವೆ, ಕೊರತೆ ಅಲ್ಲೇ ಶುರು. ಕಿಡ್ನಿ ತೊಂದರೆ ಇದ್ದರೆ ಡಾಕ್ಟರನ್ನು ಕೇಳಿಯೇ ಮಾಡಿ.

ಬೇಸರ ಆಗುವುದು ನನಗೆ ಅರ್ಥವಾಗುತ್ತದೆ ಸರ್. ಹಾಗಾಗಿ ಕಣ್ಣಿಗೆ ಕಾಣುವ ಒಂದು ಗುರಿ ಕೊಡುತ್ತೇನೆ. ಒಂಟಿಕಾಲಿನಲ್ಲಿ ಸೊಂಟ ಎತ್ತಲು ಸಲೀಸಾದ ಮೇಲೆ, ಹಿಮ್ಮಡಿಯನ್ನು ಸುಮಾರು 60 ಸೆಂ.ಮೀ. ಎತ್ತರದ ಗಟ್ಟಿ ಸ್ಟೂಲಿನ ಮೇಲಿಟ್ಟು ಅದನ್ನೇ ಮಾಡಿ. ಮೊದಲು ಎಡಗಾಲಿನಲ್ಲಿ ಎಷ್ಟು ಆಗುತ್ತದೆ ಎಣಿಸಿ, ಆಮೇಲೆ ಬಲಗಾಲಿನಲ್ಲಿ. ಬಲಗಾಲು ಎಡಗಾಲಿನ ಹತ್ತರಲ್ಲಿ ಒಂಬತ್ತು ಪಾಲಾದರೂ ಮುಟ್ಟುವವರೆಗೆ ಸ್ಕೀ ಬೂಟು ಬೀರುವಿನಲ್ಲೇ ಇರಲಿ. ಜೂನ್ ಕೊನೆಗೆ ಎರಡೂ ಕಾಲಿನ ಲೆಕ್ಕ ಬರೆದು ಇಲ್ಲೇ ಹಾಕಿ, ಮುಂದಿನ ಹಂತ ಹೇಳುತ್ತೇನೆ.