ಮೂರನೇ ರಾತ್ರಿ ಇರುವೆ ಹೆಕ್ಕುತ್ತಿದ್ದರು. ಕುಡಿತ ನಿಂತ ರೋಗಿಯನ್ನು ನೋಡಿಕೊಳ್ಳೋದು ಹೇಗೆ?

ನೈಟ್‌ಡ್ಯೂಟಿ_ಹುಡುಗಿ:

ತಾಲ್ಲೂಕು ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್ ನಾನು, ಸೇರಿ ಎಂಟು ತಿಂಗಳಾಯ್ತು. ಹೋದ ವಾರದ ಒಂದು ರಾತ್ರಿ ತಲೆಯಿಂದ ಹೋಗುತ್ತಲೇ ಇಲ್ಲ.

ಗಾರೆ ಕೆಲಸದವರು, 45ರ ಆಸುಪಾಸು. ಸಾರುವೆಯಿಂದ ಬಿದ್ದು ಕಾಲು ಮುರಿದಿತ್ತು. ಮೊದಲ ದಿನ ಚೆನ್ನಾಗೇ ಮಾತಾಡಿದರು. ಎರಡನೇ ದಿನ ಟೀ ಲೋಟ ಹಿಡಿಯಲು ಎರಡು ಕೈ ಬೇಕಾಗಿತ್ತು, ಫ್ಯಾನ್ ಕೆಳಗಿದ್ದರೂ ಬೆವರು. ನೋವಿಗೆ ಇರಬೇಕು ಅಂದುಕೊಂಡೆ. ಮೂರನೇ ರಾತ್ರಿ ಎರಡು ಗಂಟೆಗೆ ನೋಡಿದರೆ ಬೆಡ್‌ಶೀಟ್ ಮೇಲಿಂದ ಏನನ್ನೋ ಹೆಕ್ಕಿ ಹೆಕ್ಕಿ ಕೆಳಗೆ ಹಾಕುತ್ತಿದ್ದಾರೆ. "ಇರುವೆ ಸಿಸ್ಟರ್, ಎಷ್ಟೊಂದು ನೋಡಿ" ಅಂದರು. ಆಮೇಲೆ ಕೈಗೆ ಹಾಕಿದ್ದ ಡ್ರಿಪ್ ನಳಿಕೆ (ಕ್ಯಾನುಲಾ) ಕಿತ್ತು, "ಸಿಮೆಂಟ್ ಕಲಸಬೇಕು, ಮೇಸ್ತ್ರಿ ಬೈತಾನೆ" ಅಂತ ಮುರಿದ ಕಾಲಲ್ಲೇ ಇಳಿಯಲು ಹೋದರು. ನಾನು, ಅಟೆಂಡರ್ ಇಬ್ಬರೂ ಸೇರಿ ಬ್ಯಾಂಡೇಜ್ ಬಟ್ಟೆಯಲ್ಲಿ ಕೈ ಕಟ್ಟಿದೆವು. ಡ್ಯೂಟಿ ಡಾಕ್ಟರ್ ಬಂದು ಇಂಜೆಕ್ಷನ್ ಕೊಟ್ಟಮೇಲೆ ಮಲಗಿದರು.

ದಿನಾ ಮೂರು ಕ್ವಾರ್ಟರ್ ಕುಡಿಯುತ್ತಿದ್ದರಂತೆ. ಅವರ ಹೆಂಡತಿ ಬೆಳಗ್ಗೆ ಹೇಳಿದ್ದು. ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಹ್ಯಾಂಡೋವರ್‌ನಲ್ಲಿ ಸೀನಿಯರ್ ಒಬ್ಬರು "ಕುಡುಕರ ರಂಪ ಇದ್ದದ್ದೇ ಬಿಡು" ಅಂದರು. ಇಂಥವರು ಮತ್ತೆ ಬಂದರೆ ಮೊದಲ ದಿನವೇ ಏನು ನೋಡಬೇಕು? ಕಟ್ಟಿದ್ದು ತಪ್ಪಾ?

ಹಳೇ_ವಾರ್ಡ್_ಇನ್‌ಚಾರ್ಜ್:

ಅದು ರಂಪ ಅಲ್ಲಮ್ಮ, ಡಿಟಿ. ಅಂದ್ರೆ ಡೆಲಿರಿಯಂ ಟ್ರೆಮೆನ್ಸ್, ದಿನಾ ಕುಡಿಯೋರು ಒಮ್ಮೆಲೇ ನಿಲ್ಲಿಸಿದಾಗ ಬರೋ ನಡುಕ, ಗೊಂದಲ. ನೀನು ಬರೆದಿರೋದು ಪಾಠದ ಹಾಗಿದೆ. ಕೊನೇ ಗುಟುಕು ಆಗಿ ಆರೇಳು ಗಂಟೆಗೆ ನಡುಕ, ಬೆವರು, ವಾಂತಿ, ನಿದ್ದೆ ಇಲ್ಲದ್ದು ಶುರು. ಫಿಟ್ಸ್ ಬರೋದು ಹೆಚ್ಚಾಗಿ ಮೊದಲ ಎರಡು ದಿನದೊಳಗೆ. ಡಿಟಿ ಎರಡರಿಂದ ನಾಲ್ಕನೇ ದಿನಕ್ಕೆ. ಅಂದ್ರೆ ಬೇರೆ ಯಾವುದಕ್ಕೋ ಅಡ್ಮಿಟ್ ಆದವರು ನಮ್ಮ ಮೂಳೆ ವಾರ್ಡಲ್ಲಿ, ಸರ್ಜರಿ ವಾರ್ಡಲ್ಲಿ, ಅದೂ ರಾತ್ರಿ ಪಾಳಿಯಲ್ಲೇ ಸಿಕ್ಕಿಹಾಕಿಕೊಳ್ಳೋದು.

ಎಲ್ಲಾ ನಿಂತಿರೋದು ಅಡ್ಮಿಷನ್ ದಿನದ ಒಂದು ಪ್ರಶ್ನೆ ಮೇಲೆ. "ಕುಡೀತೀರಾ?" ಅಂತ ಕೇಳಬೇಡ, ಇಲ್ಲ ಅಂತಾರೆ, ಇಲ್ಲವಾದರೆ "ಅಪರೂಪಕ್ಕೆ ಸಿಸ್ಟರ್". "ಕೊನೇ ಸಲ ತಗೊಂಡಿದ್ದು ಯಾವಾಗ, ಎಷ್ಟು?" ಅಂತ ಸಲೀಸಾಗಿ ಕೇಳು, ಊಟ ಆಯ್ತಾ ಅಂದ ಹಾಗೆ. ಬೆಳಗ್ಗೆ ಎದ್ದ ಕೂಡಲೇ ಬೇಕಾಗುತ್ತಾ, ಹಿಂದೆ ಬಿಟ್ಟಾಗ ಫಿಟ್ಸ್ ಬಂದಿತ್ತಾ, ಹೀಗೇ ಗಲಿಬಿಲಿ ಆಗಿತ್ತಾ, ಇದನ್ನೂ ಕೇಳು. ಆಗಿದ್ದರೆ ಮತ್ತೆ ಆಗೋ ಸಂಭವ ಜಾಸ್ತಿ. ಹೆಂಡತಿಯನ್ನು ಅತ್ತೆ ಎದುರು ಕೇಳಬೇಡ. ಔಷಧಿ ತರಲು ಹೊರಟಾಗ ಬಾಗಿಲ ಹತ್ತಿರ ಕೇಳಿದರೆ ಸರಿಯಾದ ಲೆಕ್ಕ ಸಿಗುತ್ತೆ. ಕೇಸ್ ಶೀಟಲ್ಲಿ ಸುಮ್ನೆ "ಆಲ್ಕೊಹಾಲಿಕ್" ಅಂತ ಗೀಚಬೇಡ, ಕೊನೇ ಸಲ ಕುಡಿದ ಟೈಮ್ ಬರಿ.

ಇನ್ನೊಂದು. ಅಯ್ಯಪ್ಪ ಮಾಲೆ ಹಾಕುವ ತಿಂಗಳುಗಳಲ್ಲಿ ಕಣ್ಣಿಟ್ಟಿರು. ದಿನಾ ಕುಡಿಯೋರು ಮಾಲೆ ಹಾಕಿದ ದಿನ ಒಮ್ಮೆಲೇ ಬಿಡ್ತಾರೆ, ಮೂರನೇ ದಿನಕ್ಕೆ "ಸ್ವಾಮಿ ಮೈಮೇಲೆ ಬಂದಿದೆ" ಅಂತ ಕರಕೊಂಡು ಬರ್ತಾರೆ. ನಾನೇ ಕಂಡಿದ್ದೇನೆ.

ಮನೋವಾರ್ಡ್_ಬ್ರದರ್:

ಇನ್‌ಚಾರ್ಜ್ ಮೇಡಂ ಹೇಳಿದ್ದಕ್ಕೆ ಒಂದು ಎಚ್ಚರಿಕೆ ಸೇರಿಸ್ತೀನಿ. ಇವರು ಮೇಲಿಂದ ಬಿದ್ದವರು. ಗೊಂದಲ ಅಂದ ಕೂಡಲೇ ಎಣ್ಣೆ ಲೆಕ್ಕಕ್ಕೆ ಬರೆಯಬೇಡಿ. ತಲೆಗೆ ಪೆಟ್ಟಾಗಿ ಒಳಗೆ ರಕ್ತ ಕಟ್ಟಿರಬಹುದು, ಶುಗರ್ ಇಳಿದಿರಬಹುದು, ಸೋಂಕು ಇರಬಹುದು. ಕಣ್ಣಿನ ಪಾಪೆ, ಜ್ವರ, ಜಿಆರ್‌ಬಿಎಸ್ (ಬೆರಳು ಚುಚ್ಚಿ ನೋಡೋ ಶುಗರ್) ಆಗಲೇ ನೋಡಿ, ಡಾಕ್ಟರಿಗೆ ಬಿದ್ದದ್ದನ್ನು ನೆನಪಿಸಿ.

ನಾವು ಸಿವಾ ಸ್ಕೋರ್ ಹಾಕ್ತೀವಿ, ಕುಡಿತ ನಿಂತಾಗಿನ ಲಕ್ಷಣ ಎಷ್ಟು ಜೋರಾಗಿದೆ ಅಂತ ಅಳೆಯೋ ಪಟ್ಟಿ ಅದು, ಹತ್ತು ಅಂಶ, ಒಟ್ಟು 67. ಎಂಟರೊಳಗಿದ್ದರೆ ಸಾಮಾನ್ಯವಾಗಿ ಮಾತ್ರೆ ಬೇಕಾಗೋದಿಲ್ಲ, 15 ದಾಟಿದರೆ ಹುಷಾರು. ಕೈ ಮುಂದೆ ಚಾಚಿಸಿ ಬೆರಳು ಅಗಲಿಸಿ ನೋಡೋದು, ಅಂಗೈ ಮುಟ್ಟಿ ಬೆವರು ನೋಡೋದು, ಇಷ್ಟನ್ನು ಬಿಪಿ ನೋಡುವಾಗಲೇ ಮಾಡಬಹುದು. ಆದರೆ ಪೂರ್ತಿ ಗೊಂದಲದಲ್ಲಿ ಇರೋರಿಗೆ ಈ ಸ್ಕೋರ್ ನಂಬಬೇಡಿ, ಅವರು ಉತ್ತರ ಕೊಡಬೇಕಲ್ವಾ.

ಗ್ಲೂಕೋಸ್ ಬಾಟಲಿ ಏರಿಸೋ ಮುಂಚೆ ಥಯಮಿನ್ ಬರೆದಿದ್ದಾರಾ ನೋಡಿ, ಇಲ್ಲದಿದ್ದರೆ ಕೇಳಿ. ಊಟ ಬಿಟ್ಟು ಕುಡಿದವರಲ್ಲಿ ಈ ವಿಟಮಿನ್ ಬರಿದಾಗಿರುತ್ತೆ, ಅದಿಲ್ಲದೆ ಗ್ಲೂಕೋಸ್ ಹೋದರೆ ಮಿದುಳಿಗೇ ಪೆಟ್ಟು. ಶುಗರ್ ತೀರಾ ಇಳಿದಿದ್ದರೆ ಮಾತ್ರ ಕಾಯಬೇಡಿ, ಎರಡೂ ಒಟ್ಟಿಗೆ. ನಡುಕ, ಫಿಟ್ಸ್ ತಡೆಯಲು ಕೊಡೋ ಲೊರಾಜೆಪಾಮ್ ಆದಮೇಲೆ ಉಸಿರಾಟ ಎಣಿಸುತ್ತಿರಿ. ಮಲಗಿದರು ಅಂತ ನೆಮ್ಮದಿಯಾಗಿ ಬಿಟ್ಟುಬಿಡೋದೇ ದೊಡ್ಡ ತಪ್ಪು.

ಕಟ್ಟಿದ್ದರ ಬಗ್ಗೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ತಕ್ಷಣದ ಅಪಾಯ ತಪ್ಪಿಸಲು ಬೇರೆ ದಾರಿ ಇಲ್ಲದಾಗ ಮಾತ್ರ ಕಟ್ಟಬಹುದು, ಅದೂ ಮನೋವೈದ್ಯರ ಒಪ್ಪಿಗೆ ಮೇಲೆ, ಬೇಕಾದಷ್ಟು ಹೊತ್ತು ಮಾತ್ರ. ಸ್ಟಾಫ್ ಕಮ್ಮಿ ಅನ್ನೋ ಕಾರಣಕ್ಕೆ ಕಟ್ಟುವಂತಿಲ್ಲ ಅಂತಲೂ ಇದೆ. ಇಡೀ ವಾರ್ಡಿಗೆ ರಾತ್ರಿ ಒಬ್ಬರೇ ಇರೋರು ಇದನ್ನು ಓದಿ ನಗಬಹುದು, ಗೊತ್ತು. ಆ ಕ್ಷಣಕ್ಕೆ ನಿಮ್ಮನ್ನು ತಪ್ಪು ಅನ್ನೋದಿಲ್ಲ. ಆದರೆ ಬ್ಯಾಂಡೇಜ್ ಬಟ್ಟೆ ಹಗ್ಗದ ಹಾಗೆ ಬಿಗಿಯುತ್ತೆ, ಅಂಗಾತ ಕಟ್ಟಿದವರು ವಾಂತಿ ಮಾಡಿದರೆ ಶ್ವಾಸಕ್ಕೆ ಹೋಗುತ್ತೆ. ತಲೆಭಾಗ ಎತ್ತರಿಸಿ, ಪಕ್ಕದಲ್ಲಿ ಒಬ್ಬರು ಇರಲಿ, ಬೆರಳು ಬಣ್ಣ ನೋಡುತ್ತಿರಿ, ಎಷ್ಟೊತ್ತಿಗೆ ಕಟ್ಟಿದಿರಿ, ಬಿಚ್ಚಿದಿರಿ ಬರೆದಿಡಿ. ಲೈಟ್ ಹಾಕಿಡಿ, ಅರ್ಧಕ್ಕರ್ಧ ಕೆಲಸ ಅದೇ ಮಾಡುತ್ತೆ. ಕತ್ತಲಲ್ಲಿ ಡ್ರಿಪ್ ಸ್ಟ್ಯಾಂಡೂ ಅವರಿಗೆ ಮನುಷ್ಯನ ಹಾಗೆ ಕಾಣುತ್ತೆ.

ಹಾವೇರಿ_ಕಡೆಯವ:

ನಾನು ನರ್ಸ್ ಅಲ್ಲ, ಮಗ. 2020ರ ಮಾರ್ಚಲ್ಲಿ ಲಾಕ್‌ಡೌನ್ ಆಗಿ ಅಂಗಡಿ ಮುಚ್ಚಿದಾಗ ಅವ್ವ ಖುಷಿಯಾಗಿದ್ದಳು, ಇನ್ನಾದರೂ ಬಿಡ್ತಾರೆ ಅಂತ. ಎರಡನೇ ದಿನ ಅಪ್ಪನಿಗೆ ಫಿಟ್ಸ್. ಅದಕ್ಕೂ ಮುಂಚೆ ಎರಡು ಸಲ ದೇವರ ಮೇಲೆ ಆಣೆ ಹಾಕಿಸಿ ಬಿಡಿಸಿದ್ದೆವು, ಎರಡು ಸಲವೂ ನಡುಕ ತಡೆಯಲಾರದೆ ಮತ್ತೆ ಕುಡಿದರು. ನಾವು ಅದನ್ನು ಆಣೆ ಮುರಿದದ್ದು ಅಂತ ಬೈದೆವು. ಒಮ್ಮೆಲೇ ಬಿಟ್ಟರೆ ಜೀವಕ್ಕೇ ಅಪಾಯ ಅಂತ ನಮಗೆ ಹೇಳಿದ್ದು ಒಬ್ಬ ಸಿಸ್ಟರ್, ಅಲ್ಲಿಯವರೆಗೆ ಯಾರೂ ಹೇಳಿರಲಿಲ್ಲ. ಡಿಸ್ಚಾರ್ಜ್ ಆಗುವಾಗ ಮುಂದೆ ಎಲ್ಲಿಗೆ ಹೋಗಬೇಕು ಅಂತಲೂ ಬರೆದುಕೊಡಿ. ನಾವು ಧಾರವಾಡದ ಮಾನಸಿಕ ಆರೋಗ್ಯ ಆಸ್ಪತ್ರೆ ಡಿಮ್ಹಾನ್ಸ್‌ಗೆ ಹೋದೆವು. ಫೋನಲ್ಲಿ ಕೇಳಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಇದೆ, ಕನ್ನಡದಲ್ಲೇ ಮಾತಾಡ್ತಾರೆ.

ನೈಟ್‌ಡ್ಯೂಟಿ_ಹುಡುಗಿ:

ಎಲ್ಲರಿಗೂ ಥ್ಯಾಂಕ್ಸ್. ತಲೆ ಸ್ಕ್ಯಾನ್ ಮಾರನೇ ದಿನವೇ ಮಾಡಿಸಿದ್ದರು, ಏನೂ ಇಲ್ಲ. ಥಯಮಿನ್ ಮಾತ್ರ ಎರಡು ಬಾಟಲಿ ಗ್ಲೂಕೋಸ್ ಆದಮೇಲೆ ಹೋಗಿದೆ, ಶೀಟ್ ತೆಗೆದು ನೋಡಿದೆ. ಇವತ್ತು ಡ್ರೆಸ್ಸಿಂಗ್ ಮಾಡುವಾಗ ಅವರೇ ಮೆಲ್ಲಗೆ "ಆವತ್ತು ರಾತ್ರಿ ನಿಮಗೇನಾದ್ರೂ ಬೈದ್ನಾ ಸಿಸ್ಟರ್?" ಅಂದರು. ಇಲ್ಲ, ಸಿಮೆಂಟ್ ಕಲಸ್ತಾ ಇದ್ರಿ ಅಂದೆ. ಮಣಿಕಟ್ಟಿನ ಗಾಯದ ಗುರುತು ಇನ್ನೂ ಇದೆ.