ಐದು ದಿನದ ಡಿಸೈನ್ ಸ್ಪ್ರಿಂಟ್ ಮಾಡಿದವರು ಅನುಭವ ಹೇಳಿ

ಗದಗ: ನಮ್ಮದು 14 ಹೆಂಗಸರ ಸ್ವಸಹಾಯ ಸಂಘ, ಖಡಕ್ ರೊಟ್ಟಿ ಮಾಡುತ್ತೇವೆ. ಕೊರಿಯರ್‌ನಲ್ಲಿ ಹೋದದ್ದು ಅರ್ಧ ಪುಡಿ. ಹೊಸ ಪ್ಯಾಕಿಂಗಿಗೆ ಸ್ಪ್ರಿಂಟ್ ಮಾಡಿಸುತ್ತೇನೆ ಅಂತ ಒಬ್ಬರು ಬಂದಿದ್ದಾರೆ. ಐದು ದಿನ ಒಟ್ಟಿಗೆ ಕೂತು ಮಾದರಿ ಮಾಡಿ, ಕೊನೆಯ ದಿನ ಬಳಸುವವರಿಗೆ ತೋರಿಸಿ ನೋಡುವುದಂತೆ. ಫೀಸು 45,000. ಮಾಡಿಸೋಣವಾ?

ಪುತ್ತೂರು: ನಾವು ಮಾಡಿ ಕೈ ಸುಟ್ಟುಕೊಂಡೆವು. ಅಡಿಕೆ ಹಾಳೆ ತಟ್ಟೆ ನಮ್ಮದು. ಗುರುವಾರ ಮೂರು ಗುಳಿಯ ಮಾದರಿ, ಶುಕ್ರವಾರ ಐದು ಜನ ಕೇಟರಿಂಗ್‌ನವರಿಗೆ ತೋರಿಸಿದೆವು. ಐವರೂ ಸೂಪರ್ ಅಂದರು. ಸೋಮವಾರವೇ ಡೈ, ಅಂದರೆ ತಟ್ಟೆ ಒತ್ತುವ ಅಚ್ಚು, ಮಾಡಿಸಿದೆವು. ಅದಕ್ಕೆ 38,000, ಹೀಟರ್‌ಗೆ 6,200, ಲಾರಿಗೆ 1,150. ಇದೆಲ್ಲ ಫೆಬ್ರವರಿಯಲ್ಲಿ. ಜೂನ್‌ನಲ್ಲಿ ಮಳೆ ಹಿಡಿಯಿತು, ಗುಳಿಯ ಅಂಚಿಗೆಲ್ಲ ಬೂಷ್ಟು. 9,000 ತಟ್ಟೆ ಗೊಬ್ಬರದ ಗುಂಡಿಗೆ. ಐದು ದಿನದಲ್ಲಿ ಮಳೆಗಾಲ ಬರುತ್ತದಾ?

ಧಾರವಾಡ: ಹಾಳೆ ಸರಿಯಾಗಿ ಒಣಗಿಸದೆ ಸ್ಪ್ರಿಂಟ್‌ಗೆ ಯಾಕೆ ಬೈತೀರಿ? ನಾವು ಕೌದಿಯ ಲ್ಯಾಪ್‌ಟಾಪ್ ಚೀಲವನ್ನು ಮೊದಲು ಹಳೇ ಪೇಪರ್, ಗೋಂದು, ಗುಂಡುಪಿನ್ನಿನಲ್ಲಿ ಮಾಡಿದೆವು. ಖರ್ಚು 340 ರೂಪಾಯಿ. ಏಳು ಹರಿದು ಎಸೆದೆವು, ಎಂಟನೆಯದು ಇವತ್ತಿಗೂ ಮಾರಾಟ ಆಗುತ್ತಿದೆ. ಶುಕ್ರವಾರ ತೋರಿಸಿ ಸೋಮವಾರ ಡೈ ಮಾಡಿಸಿದ್ದು ಯಾರ ತಪ್ಪು ರೀ?

ಪುತ್ತೂರು: ಪೇಪರ್ ತಟ್ಟೆಗೆ ಬಿಸಿ ಸಾಂಬಾರು ಸುರಿದು ನೋಡಿ ಅಕ್ಕ, ಆಮೇಲೆ ಮಾತಾಡಿ. ಹಾಳೆ ಒಣಗಿಸಲು ಶುರು ಮಾಡಿ 11 ವರ್ಷ ಆಯ್ತು ನನಗೆ.

ಬೆಂಗಳೂರು: ಇಬ್ಬರೂ ಸ್ವಲ್ಪ ತಡೀರಿ. ನಾನು ಮೂರು ಸಂಸ್ಥೆಗೆ ಸ್ಪ್ರಿಂಟ್ ನಡೆಸಿದ್ದೇನೆ. ಬಳಸುವವರ ಜೊತೆ ಕೂತರೆ ಮಾತ್ರ ಇದು ಕೆಲಸಕ್ಕೆ ಬರುತ್ತದೆ. ಎಂಬ್ರೇಸ್ ಅಂತ, ಕಡಿಮೆ ತೂಕದ ಶಿಶುಗಳನ್ನು ಬೆಚ್ಚಗಿಡುವ ಚೀಲ. 2007ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ತರಗತಿಯೊಂದರಲ್ಲಿ ಹುಟ್ಟಿದ್ದು. ತಂಡ ಆಮೇಲೆ ಬೆಂಗಳೂರಿಗೇ ಬಂದು ನೆಲೆಸಿತು. ಚೀಲದ ಬಿಸಿಯನ್ನು ಹೇಳಿದ ಡಿಗ್ರಿಗಿಂತ ಕಡಿಮೆ ಇಡುತ್ತೇವೆ ಅಂತ ಹಳ್ಳಿಯ ತಾಯಂದಿರೇ ಅಂದರು. ಅಂಕಿ ತೆಗೆದು, ಸರಿ ಇದೆಯೋ ಇಲ್ಲವೋ ಅಂತಷ್ಟೇ ತೋರಿಸುವ ಗುರುತು ಹಾಕಿದರು. ಮಾದರಿ ಬೇಗ ಆಯ್ತು, ಮಾರುಕಟ್ಟೆಗೆ ವರ್ಷಗಳೇ ಹಿಡಿದವು.

ಪುತ್ತೂರು: ಓ, ಫೀಸು ತಗೊಳ್ಳುವ ಪೈಕಿ ನೀವು. ಐದು ದಿನ ಕೂತ ಹೆಂಗಸರ ಕೂಲಿ ಯಾರು ಕೊಟ್ಟರು?

ಧಾರವಾಡ: ನಾವಂತೂ ಕೊಟ್ಟೆವು. ಆರು ಜನ, ದಿನಕ್ಕೆ 400.

ಪುತ್ತೂರು: ಹಾಗಾದರೆ ಖರ್ಚು 340 ಅಲ್ಲ, 12,340. ಅಲ್ವಾ ಅಕ್ಕ?

ಧಾರವಾಡ: ಕೂಲಿಯನ್ನು ನಾವು ಖರ್ಚು ಅನ್ನುವುದಿಲ್ಲ. ನೀವು ಕೊಟ್ಟಿರಾ ಇಲ್ವಾ, ಅದನ್ನು ಹೇಳಿ.

ಗದಗ: ನಮ್ಮ 14 ಜನರ ಕೂಲಿ ನಾವು ಲೆಕ್ಕಕ್ಕೇ ಹಿಡಿದಿರಲಿಲ್ಲ. ಅದಿರಲಿ, ರೊಟ್ಟಿ ಮುರಿಯದ ಹಾಗೆ ಏನಾದರೂ...

ಧಾರವಾಡ: ಸ್ವಲ್ಪ ಇರಿ, ಪುತ್ತೂರಿನವರು ಮೊದಲು ಉತ್ತರ ಕೊಡಲಿ.