ಕಿಡ್ನಿ ಕಸಿ ಆದವರ ಕಾಲುಗುರು ಬುಡದಿಂದ ಬೆಳ್ಳಗಾದರೆ?

ಪ್ರಶ್ನೆ (ಆಳಂದ ತಾಲ್ಲೂಕು, ಕಲಬುರಗಿ): ನಮಸ್ಕಾರ ಸರ್. ಎರಡು ವರ್ಷದ ಹಿಂದೆ ನಮ್ಮ ಅಣ್ಣನಿಗೆ ಕಿಡ್ನಿ ಕಸಿ ಆಗಿದೆ. ದೇಹ ಹೊಸ ಕಿಡ್ನಿಯನ್ನು ತಿರಸ್ಕರಿಸದಂತೆ ರೋಗನಿರೋಧಕ ಶಕ್ತಿ ತಗ್ಗಿಸುವ ಟ್ಯಾಕ್ರೋಲಿಮಸ್ ಮಾತ್ರೆ ನಡೆದಿದೆ. ಈಗ ಕಾಲಿನ ಹೆಬ್ಬೆರಳ ಉಗುರು ಬುಡದಿಂದ ಬೆಳ್ಳಗಾಗುತ್ತಿದೆ. ಸುತ್ತಲಿನ ಚರ್ಮ ಕೆಂಪಗೆ ಬಾತಿದೆ. ಮೆಡಿಕಲ್ ಅಂಗಡಿಯವರು ಟರ್ಬಿನಾಫಿನ್ ಎಂಬ ಫಂಗಸ್ ಮಾತ್ರೆ ಕೊಟ್ಟರು. ಆರು ವಾರ ನುಂಗಿದರೂ ಕಡಿಮೆ ಆಗಿಲ್ಲ. ಬರಿಗಾಲಲ್ಲೇ ತೊಗರಿ ಹೊಲಕ್ಕೆ ಹೋಗುತ್ತಾನೆ. 'ಬರೀ ಉಗುರು ಅಲ್ವಾ, ಬಿಡು' ಅನ್ನುತ್ತಾನೆ.

ಡಾಕ್ಟರ್ (ಚರ್ಮರೋಗ): ಬಿಡಬೇಡಿ. ಉಗುರಿನ ಫಂಗಸ್ ಸಾಮಾನ್ಯವಾಗಿ ತುದಿಯಿಂದ ಶುರುವಾಗುತ್ತದೆ. ಬುಡದಿಂದ ಬಂದರೆ ರೋಗನಿರೋಧಕ ಶಕ್ತಿ ಕುಗ್ಗಿದೆಯಾ ಅಂತ ನಾವು ಮೊದಲು ಕೇಳುತ್ತೇವೆ. ಎಚ್‌ಐವಿ ಇರುವವರಲ್ಲೂ ಹೀಗೆ ಕಾಣಿಸುತ್ತದೆ. ಸುತ್ತ ಬಾವೂ ಇದೆ ಎಂದರೆ ಫ್ಯೂಸೇರಿಯಂ ಎಂಬ ಮಣ್ಣಿನ ಫಂಗಸ್ ಮೇಲೆ ನನಗೆ ಅನುಮಾನ. ಅದು ಟರ್ಬಿನಾಫಿನ್‌ಗೆ ಅಷ್ಟಾಗಿ ಜಗ್ಗುವುದಿಲ್ಲ.

ಉಗುರಿನ ಪುಡಿ ಕೆರೆದು ಕೆಒಎಚ್ ಪರೀಕ್ಷೆ (ಸೂಕ್ಷ್ಮದರ್ಶಕದಲ್ಲಿ ಫಂಗಸ್ ಹುಡುಕುವುದು), ಕಲ್ಚರ್ (ಲ್ಯಾಬಿನಲ್ಲಿ ಫಂಗಸ್ ಬೆಳೆಸಿ ನೋಡುವುದು) ಎರಡೂ ಆಗಲಿ. ಟರ್ಬಿನಾಫಿನ್ ತಿಂದದ್ದನ್ನು ಲ್ಯಾಬಿಗೆ ಹೇಳಿ. ಕೆಲವು ಫಂಗಸ್ ಬೆಳೆಯದಂತೆ ತಡೆಯುವ ಸೈಕ್ಲೋಹೆಕ್ಸಿಮೈಡ್ ಎಂಬ ರಾಸಾಯನಿಕ ಹಾಕದ ಮಾಧ್ಯಮದಲ್ಲೂ ಬೆಳೆಸಲು ಕೇಳಿ. ಅದು ಇದ್ದರೆ ಇಂಥ ಫಂಗಸ್ ಮೇಲೇಳುವುದೇ ಇಲ್ಲ, ರಿಪೋರ್ಟ್ ಸುಮ್ನೆ 'ನೆಗೆಟಿವ್' ಬರುತ್ತದೆ. ಒಮ್ಮೆ ಬೆಳೆದರೂ ನಂಬಲಾಗದು. ಹೊಲದ ಧೂಳಿನಿಂದ ಬಂದದ್ದಿರಬಹುದು, ಮತ್ತೊಮ್ಮೆ ಪುಡಿ ಕೊಡಿ.

ಪ್ರಶ್ನೆ: ಪರಿಚಯದವರ ಹತ್ತಿರ ಇಟ್ರಾಕೊನಜೋಲ್ ಎಂಬ ಇನ್ನೊಂದು ಫಂಗಸ್ ಔಷಧ ಉಳಿದಿದೆ. ಕೊಡಬಹುದಾ?

ಡಾಕ್ಟರ್: ಬೇಡವೇ ಬೇಡ! ಅದು ರಕ್ತದಲ್ಲಿ ಟ್ಯಾಕ್ರೋಲಿಮಸ್ ಮಟ್ಟ ಏರಿಸುತ್ತದೆ. ಕೈ ನಡುಗುತ್ತದೆ, ಕಸಿ ಮಾಡಿದ ಕಿಡ್ನಿಗೇ ಪೆಟ್ಟು ಬೀಳುತ್ತದೆ. ವೊರಿಕೊನಜೋಲ್ ಎಂಬ ಫಂಗಸ್ ಔಷಧ ಕೂಡ ಹಾಗೇ. ಅದನ್ನು ಶುರು ಮಾಡುವುದಿದ್ದರೂ ಕಿಡ್ನಿ ಡಾಕ್ಟರ್ ಟ್ಯಾಕ್ರೋಲಿಮಸ್ ಡೋಸ್ ಇಳಿಸಿ, ಮತ್ತೆ ಮತ್ತೆ ರಕ್ತ ನೋಡಬೇಕು.

ಗುಂಪಿನ ಇನ್ನೊಬ್ಬ ಸದಸ್ಯರು: ಸರ್, ತೊಗರಿ ಗಿಡ ಒಣಗಿಸುವ ನೆಟೆ ರೋಗ ತರುವುದೂ ಫ್ಯೂಸೇರಿಯಂ ಅಂತಾರಲ್ಲ. ಅದೇ ಹತ್ತಿತಾ?

ಡಾಕ್ಟರ್: ಕಲಬುರಗಿಯವರೇ ಕೇಳಬೇಕಾದ ಪ್ರಶ್ನೆ! ನೆಟೆ ತರುವುದು ಫ್ಯೂಸೇರಿಯಂ ಉಡಂ. ಉಗುರಿಗೆ ಹತ್ತುವುದು ಹೆಚ್ಚಾಗಿ ಸೊಲಾನಿ, ಆಕ್ಸಿಸ್ಪೋರಂ. ಮನೆತನ ಒಂದೇ, ಮಂದಿ ಬೇರೆ. ಒಣಗಿದ ಗಿಡ ಮುಟ್ಟಿದರೆ ಉಗುರು ಕೆಡುವುದಿಲ್ಲ. ಆದರೆ ಇವೂ ಮಣ್ಣಿನಲ್ಲೇ ಇರುತ್ತವೆ. ಅಣ್ಣನಿಗೆ ಬೂಟು ಕೊಡಿಸಿ. ಉಗುರನ್ನು ಬ್ಲೇಡಿನಿಂದ ಕೆರೆಯಲು ಬಿಡಬೇಡಿ.

ಪ್ರಶ್ನೆ: ಎಷ್ಟು ದಿನಕ್ಕೆ ಸರಿ ಹೋಗುತ್ತೆ? ರಕ್ತಕ್ಕೆ ಇಳಿಯುತ್ತಾ?

ಡಾಕ್ಟರ್: ಕಾಲಿನ ಹೆಬ್ಬೆರಳ ಉಗುರು ಪೂರ್ತಿ ಹೊಸದಾಗಿ ಬರಲು 12ರಿಂದ 18 ತಿಂಗಳು ಬೇಕು. ರಕ್ತಕ್ಕೆ ಇಳಿಯುವ ಭಯ ಜಾಸ್ತಿ ಇರುವುದು ಕೀಮೋದಿಂದ ಬಿಳಿ ರಕ್ತಕಣ ತೀರಾ ಕುಸಿದವರಿಗೆ. ಅಣ್ಣನಿಗೂ ಜ್ವರ ಬಂದು, ಮೈಮೇಲೆ ನೋಯುವ ಕಪ್ಪು ಮಚ್ಚೆ ಎದ್ದರೆ ಬೆಳಗಾಗುವವರೆಗೆ ಕಾಯಬೇಡಿ, ಆಗಲೇ ಆಸ್ಪತ್ರೆಗೆ ಕರೆದೊಯ್ಯಿರಿ.